ಪೀಠಿಕೆಗೆ ನಾಲ್ಕು ಸಾಲು

ನಮ್ಮ ಮನೆಯಲ್ಲಿ ಪೀಠಿಕೆ ಎನ್ನುವುದು ಬೈಗುಳದ ಮಾತಾಗಿತ್ತು. ನಾನು ಶಾಲೆಯಿಂದ ಬಂದು ಅಜ್ಜಿಯ ಮುಂದೆ ನಿಂತು, ಬೆಳಿಗ್ಗೆ ಯಾರು ಯಾರನ್ನು ತಳ್ಳಿದರು, ಆಗ ಮೇಷ್ಟ್ರು ಯಾವ ಕಡೆ ನೋಡುತ್ತಿದ್ದರು, ಗಂಟೆ ಹೊಡೆಯಲು ಎಷ್ಟು ಹೊತ್ತಿತ್ತು ಎಂದು ಶುರು ಮಾಡಿದರೆ ಅವರು ಬತ್ತಿ ಹೊಸೆಯುವ ಕೈ ನಿಲ್ಲಿಸದೆ, "ಪೀಠಿಕೆ ಸಾಕು ಕಣೋ, ಸ್ಲೇಟು ಹೇಗೆ ಒಡೀತು ಹೇಳು" ಎನ್ನುತ್ತಿದ್ದರು. ಸ್ಲೇಟು ಒಡೆದಿದೆಯೆಂದು ನಾನು ಇನ್ನೂ ಹೇಳಿರುತ್ತಿರಲಿಲ್ಲ.

ಅದೇ ಪದ ಶಾಲೆಯಲ್ಲಿ ಬೇರೆ ವೇಷದಲ್ಲಿ ಬರುತ್ತಿತ್ತು. ಪ್ರಬಂಧವೆಂದರೆ ಮೂರು ಭಾಗ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂರಕ್ಕೂ ಅಡಿಗೆರೆ ಎಳೆಯಬೇಕು. ಪೀಠಿಕೆ ಚಿಕ್ಕದಾದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಸಾಲದು' ಎಂದು ಬರೆಯುತ್ತಿದ್ದರು. ಮನೆಯಲ್ಲಿ ಸಾಕು, ಶಾಲೆಯಲ್ಲಿ ಸಾಲದು. ಇವೆರಡರ ನಡುವೆ ನಾನು ಬೆಳೆದೆ. ಮುಂದೆ ಇದೇ ಪೀಠಿಕೆಯ ವಿಷಯದಲ್ಲಿ ಒಬ್ಬ ಹೆಂಗಸಿಗೆ ನನ್ನಿಂದ ತೊಂದರೆಯಾಯಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು ನಮ್ಮ ತಾತನ ಕಾಗದಗಳ ವಿಷಯ ಹೇಳದಿದ್ದರೆ ಆಗುವುದಿಲ್ಲ.

ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರು ಯಾರಿಗೆ ಕಾಗದ ಬರೆದರೂ 'ಉಭಯ ಕುಶಲೋಪರಿ ಸಾಂಪ್ರತ' ಎಂದು ಬರೆದೇ ಮುಂದಕ್ಕೆ ಹೋಗುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಸಾಂಪ್ರತ ಎಂದರೆ ನಮ್ಮ ನೆಂಟರಲ್ಲಿ ಒಬ್ಬನೆಂದು ತಿಳಿದಿದ್ದೆ. ಊರೂರಿನ ಕಾಗದದಲ್ಲೂ ಅವನ ಹೆಸರು ಇರುತ್ತಿತ್ತು, ಆದರೆ ಒಂದು ಮದುವೆಗೂ ಅವನು ಬರುತ್ತಿರಲಿಲ್ಲ. ಒಂದು ದಿನ ಅಜ್ಜಿಯನ್ನು ಕೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಲ್ಲಿ ಒರೆಸಿಕೊಂಡು ಅರ್ಥ ಹೇಳಿದರು. ನಿಮ್ಮ ಕ್ಷೇಮದ ಮಾತಾಯಿತು, ನಮ್ಮ ಕ್ಷೇಮದ ಮಾತಾಯಿತು, ಇನ್ನು ಈಗಿನ ವಿಷಯ, ಇಷ್ಟೇ. "ಸಾಂಪ್ರತ ಅಂದ್ರೆ ಈಗ. ಈಗ ಅನ್ನೋದಕ್ಕೆ ನಿಮ್ಮ ತಾತ ಅಷ್ಟು ಸುತ್ತಿ ಬರ್ತಾರೆ."

ಅಜ್ಜಿಗೆ ಓದು ಹೆಚ್ಚು ಇರಲಿಲ್ಲ. ಮಾತು ಎಲ್ಲಿಂದ ಶುರುವಾಗುತ್ತದೆ ಎನ್ನುವುದನ್ನು ಗಮನಿಸುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಸಾವಿನ ಸುದ್ದಿ ತಂದವರು ಹೊಸಿಲು ದಾಟುವುದಿಲ್ಲ ಎಂದು ಅವರು ಹೇಳುತ್ತಿದ್ದರು. ನಿಂತಲ್ಲೇ, ನೀರು ಕೂಡ ಕೇಳದೆ, ಒಂದೇ ಉಸಿರಿನಲ್ಲಿ ಹೇಳಿ ಹೊರಟುಬಿಡುತ್ತಾರೆ. ಸಂತೋಷದ ಸುದ್ದಿ ಇರುವವರು ಒಳಗೆ ಬಂದು ಮಣೆಯ ಮೇಲೆ ಕೂತು, ಕಾಫಿ ಕುಡಿದು, ಬಿಸಿಲು, ಸೆಖೆ, ಮಂಡಿನೋವು ಎಲ್ಲ ಮಾತಾಡಿ, ಲೋಟ ಕೆಳಗಿಡುವಾಗ ಸುದ್ದಿ ಹೊರಗೆ ಹಾಕುತ್ತಾರೆ. ಹಾಗಾಗಿ ಯಾರಾದರೂ ಬಂದರೆ ಅಜ್ಜಿ ಅವರ ಮುಖ ನೋಡುತ್ತಿರಲಿಲ್ಲ. ಅವರು ಎಷ್ಟು ಹೊತ್ತು ಸುತ್ತುತ್ತಾರೆ ಎಂದು ನೋಡುತ್ತಿದ್ದರು.

ಓದು ಮುಗಿಸಿದ ಮೇಲೆ ನಾನು ಹಳೆಯ ಪೇಟೆಯ ಒಂದು ಅಚ್ಚುಕೂಟಕ್ಕೆ ಕರಡು ತಿದ್ದಲು ಸೇರಿದೆ. ಆಗ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲ. ಲಗ್ನಪತ್ರಿಕೆ, ರಸೀತಿ ಪುಸ್ತಕ, ಪಂಚಾಂಗ ಇವುಗಳ ಜೊತೆಗೆ ಹತ್ತನೆಯ ತರಗತಿಯವರಿಗೆಂದು ಒಂದು ಪ್ರಬಂಧದ ಗೈಡೂ ಅಲ್ಲಿ ಅಚ್ಚಾಗುತ್ತಿತ್ತು. ಅದನ್ನು ಬರೆದವರು ನಿವೃತ್ತ ಮೇಷ್ಟ್ರು. ಚಿಕ್ಕ ಚಿಕ್ಕ ವಾಕ್ಯ ಬರೆಯುತ್ತಿದ್ದರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಅದೇ ಕಷ್ಟವಾಯಿತು. ಪ್ರತಿ ಪ್ರಬಂಧವೂ ಹೊಸ ಪುಟದಿಂದಲೇ ಶುರುವಾಗಬೇಕೆಂದು ನಮ್ಮ ಯಜಮಾನರು ಹಟ ಹಿಡಿದಿದ್ದರು, ಮತ್ತು ಹಿಂದಿನ ಪುಟದ ಕೆಳಗೆ ಬಿಳಿ ಜಾಗ ಉಳಿದರೆ ಅವರು ಸಹಿಸುತ್ತಿರಲಿಲ್ಲ. ಕೊಂಡವರಿಗೆ ಮೋಸ ಮಾಡಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಪುಟ ಕಟ್ಟುವಾಗ ನನ್ನ ಮೇಜಿನ ಹತ್ತಿರ ಬಂದು, "ನಾಲ್ಕು ಸಾಲು ಕಮ್ಮಿ ಬಿದ್ದಿದೆ ಕಣ್ರೀ. ಪೀಠಿಕೆಗೆ ಸೇರಿಸಿ" ಎಂದು ಹೇಳಿ ಹೋಗುತ್ತಿದ್ದರು.

ಪೀಠಿಕೆಗೇ ಏಕೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ವಿಷಯಕ್ಕೆ ಕೈಹಾಕಿದರೆ ಏನಾದರೂ ತಪ್ಪಾದೀತು. ಅಣೆಕಟ್ಟಿನ ಪ್ರಬಂಧದಲ್ಲಿ ನಾಲ್ಕು ಸಾಲು ಸೇರಿಸಬೇಕಾದರೆ ಅಣೆಕಟ್ಟಿನ ಬಗ್ಗೆ ಏನಾದರೂ ತಿಳಿದಿರಬೇಕು. ಪೀಠಿಕೆಗೆ ಹಾಗಿಲ್ಲ, ಏನು ಸೇರಿಸಿದರೂ ಅದು ಒಳಗೆ ಎಳೆದುಕೊಳ್ಳುತ್ತದೆ. ಮೂರು ಮುದ್ರಣಗಳ ಹೊತ್ತಿಗೆ ನನಗೆ ಕೈ ಕುದುರಿತು. ಎರಡು ಸಾಲಿನದು, ನಾಲ್ಕು ಸಾಲಿನದು, ಏಳು ಸಾಲಿನದು ಎಂದು ಮೊದಲೇ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿರುತ್ತಿದ್ದೆ. ಎಷ್ಟು ಜಾಗ ಖಾಲಿಯೋ ಅಷ್ಟಕ್ಕೆ ಹೊಂದುವುದನ್ನು ತೆಗೆದು ಕೊಡುತ್ತಿದ್ದೆ. ಬರೆದ ಮೇಷ್ಟ್ರು ಅದನ್ನು ನೋಡಿದರೋ ಇಲ್ಲವೋ ತಿಳಿಯದು. ನೋಡಿದ್ದರೂ ಏನೂ ಹೇಳಲಿಲ್ಲ.

ಅಚ್ಚುಕೂಟ ಮುಚ್ಚಿತು. ನಾನು ಬೇರೆ ಬೇರೆ ಕಡೆ ಅದೇ ಕೆಲಸ ಮಾಡಿ, ವಯಸ್ಸಾದ ಮೇಲೆ ಕೃಷ್ಣಮೂರ್ತಿಪುರಂನ ಮನೆಯಲ್ಲಿ ಸುಮ್ಮನೆ ಕೂತೆ. ಬಂದ ಲಗ್ನಪತ್ರಿಕೆಗಳಲ್ಲಿ ತಪ್ಪು ಹುಡುಕುವುದು ಒಂದು ಉಳಿದಿತ್ತು.

ನಮ್ಮ ಬೀದಿಗೆ ಕಡಕೊಳದ ಕಡೆಯಿಂದ ಸೊಪ್ಪು ತರುವ ಹೆಂಗಸೊಬ್ಬರು ಬಹಳ ವರ್ಷಗಳಿಂದ ಬರುತ್ತಾರೆ. ಎರಡು ವರ್ಷದ ಹಿಂದೆ, ಕೀರೆಸೊಪ್ಪಿನ ಕಂತೆ ಕೊಡುತ್ತ ಅವರು ನನ್ನ ಹೆಂಡತಿಯ ಹತ್ತಿರ ತಮ್ಮ ಅಕ್ಕನ ಮಗಳ ವಿಷಯ ತೆಗೆದರು. "ಎಲ್ಲಾ ಪಾಸು ಮಾಡವ್ಳೆ ಕಣಮ್ಮ. ಕನ್ನಡ ಒಂದು ಉಳ್ಕಬುಟ್ಟದೆ." ನಿಮ್ಮ ಯಜಮಾನರು ಪುಸ್ತಕದ ಕೆಲಸದಲ್ಲಿ ಇದ್ದವರಂತೆ, ಭಾನುವಾರ ಒಂದು ಗಂಟೆ ಹೇಳಿಕೊಟ್ಟರೆ ಆಗುತ್ತದೆಯೇ ಎಂದರು. ನನ್ನ ಹೆಂಡತಿ ನನ್ನನ್ನು ಕೇಳದೆಯೇ ಒಪ್ಪಿಕೊಂಡಳು. ಆಮೇಲೆ ನನಗೆ ತಿಳಿಸುತ್ತ, ಲಗ್ನಪತ್ರಿಕೆ ತಿದ್ದುವುದಕ್ಕಿಂತ ಅದು ಮೇಲು ಎಂದಳು.

ಭಾನುವಾರ ಬಂದವರು ಶಾಲೆಯ ಹುಡುಗಿಯಲ್ಲ, ನಲವತ್ತು ದಾಟಿದ ಹೆಂಗಸು. ಕಡಕೊಳದ ಔಷಧಿ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಪ್ಯಾಕಿಂಗ್ ಮಾಡುತ್ತಿದ್ದರು. ಅಲ್ಲಿ ಪ್ಯಾಕಿಂಗ್‌ನವರು ತಲೆಗೆ ಬಿಳಿ ಟೋಪಿ ಹಾಕಬೇಕು, ಸೂಪರ್‌ವೈಸರ್‌ಗೆ ನೀಲಿ ಟೋಪಿ. ನೀಲಿ ಟೋಪಿಯವರು ಪ್ರತಿ ಪಾಳಿಯ ಕೊನೆಗೆ ವರದಿ ಬರೆಯಬೇಕಾದ್ದರಿಂದ ಹತ್ತನೆಯ ತರಗತಿ ಪಾಸಾಗಿರಲೇಬೇಕು ಎಂಬುದು ಕಾರ್ಖಾನೆಯ ನಿಯಮ. ಈಕೆ ಕೆಲಸ ಕಲಿಸಿದ ಇಬ್ಬರು ಹುಡುಗಿಯರು ಆಗಲೇ ನೀಲಿ ಟೋಪಿ ಹಾಕಿಕೊಂಡು ಈಕೆಗೇ ಕೆಲಸ ಹೇಳುತ್ತಿದ್ದರು. ಮೂರನೆಯ ಜಾಗ ಖಾಲಿಯಾಗಿತ್ತು. ಈ ಸಲದ ಫಲಿತಾಂಶ ಬರುವವರೆಗೆ ಕಾಯುತ್ತೇವೆ, ಆಮೇಲೆ ಇಲ್ಲ ಎಂದು ಮೇಲಿನವರು ಹೇಳಿದ್ದರು. ಆಕೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಗಣಿತ, ವಿಜ್ಞಾನ, ಇಂಗ್ಲಿಷ್ ಎಲ್ಲ ಮುಗಿಸಿದ್ದರು. ಕನ್ನಡ ಎರಡು ಸಲ ಕೈಕೊಟ್ಟಿತ್ತು, ಎರಡನೆಯ ಸಲ ಮೂರೇ ಅಂಕಕ್ಕೆ.

"ಕೆಲ್ಸದೋರು ಆಡ್ಕತಾರೆ ಸಾರ್. ಇಂಗ್ಲಿಷ್ ಪಾಸು ಕನ್ನಡ ಫೇಲು ಅಂದ್ರೆ ನೀನು ಲಂಡನ್ ಕಡೆಯೋಳೇ ಇರ್ಬೇಕು ಬುಡು ಅಂತಾರೆ."

ಹೇಗೆ ಬರೆಯುತ್ತೀರೆಂದು ಕೇಳಿದೆ. ಗೊತ್ತಿರುವುದನ್ನು ಮೊದಲು ಬರೆ ಎಂದು ಯಾರೋ ಹೇಳಿದ್ದರಂತೆ. ಆಕೆಗೆ ಚೆನ್ನಾಗಿ ಗೊತ್ತಿದ್ದದ್ದು ಪ್ರಬಂಧದ ಪೀಠಿಕೆ. ಹಾಗಾಗಿ ಅದನ್ನೇ ಮೊದಲು ಹಿಡಿದು, ಬಾಯಿಪಾಠವಿದ್ದ ಪೀಠಿಕೆಗಳನ್ನೆಲ್ಲ ಸೇರಿಸಿ ಎರಡು ಪುಟ ಬರೆದು, ತಲೆ ಎತ್ತಿ ಗಡಿಯಾರ ನೋಡುವ ಹೊತ್ತಿಗೆ ವ್ಯಾಕರಣಕ್ಕೂ ಪತ್ರಲೇಖನಕ್ಕೂ ಸಮಯ ಉಳಿಯುತ್ತಿರಲಿಲ್ಲ.

ಗ್ರಂಥಾಲಯಗಳ ಮಹತ್ವ ಎಂಬ ವಿಷಯ ಕೊಟ್ಟು, ಪೀಠಿಕೆಯಷ್ಟೇ ಬರೆಯಿರಿ ಎಂದೆ. ಆಕೆ ನಡುಮನೆಯ ಮೇಜಿನ ಮುಂದೆ ಕೂತು ಪೆನ್ನು ಎತ್ತದೆ ಒಂದೂವರೆ ಪುಟ ಬರೆದರು. ಅಕ್ಷರ ದುಂಡಗೆ, ಕಾಗುಣಿತ ಸರಿಯಾಗಿತ್ತು. ಓದುತ್ತ ಹೋದವನು ಒಂದು ವಾಕ್ಯದಲ್ಲಿ ನಿಂತೆ. 'ಈ ವಿಷಯವು ಮೇಲ್ನೋಟಕ್ಕೆ ಸರಳವೆಂದು ತೋರಿದರೂ, ಅದರ ಒಳಹೊಕ್ಕು ನೋಡಿದಾಗ ಸಾಂಪ್ರತ ಕಾಲದಲ್ಲಿ ಅದರ ವ್ಯಾಪ್ತಿಯು ಎಷ್ಟು ವಿಶಾಲವಾದುದೆಂಬುದು ಮನದಟ್ಟಾಗದೆ ಇರದು.'

"ಸಾಂಪ್ರತ ಅಂದ್ರೆ ಏನಮ್ಮ?" ಎಂದು ಕೇಳಿದೆ.

ಆಕೆ ಯೋಚಿಸಿದರು. "ಸಂಪತ್ತು ಇರ್ಬೇಕು ಸಾರ್. ಇಲ್ಲಾಂದ್ರೆ ಸಂಪ್ರದಾಯ. ಎರಡ್ರಲ್ಲಿ ಒಂದು. ಗ್ರಂಥಾಲಯಕ್ಕೆ ಎರಡೂ ಒಂದ್ಕತದೆ."

ಯಾವ ಪುಸ್ತಕದಿಂದ ಕಲಿತಿರಿ ಎಂದೆ. ಚೀಲದಿಂದ ಒಂದು ಗೈಡು ತೆಗೆದರು. ರಟ್ಟು ಹರಿದು, ಮೊದಲ ಎಂಟು ಪುಟ ಕಳೆದು, ಬೆನ್ನಿಗೆ ಪ್ಯಾಕಿಂಗ್ ಟೇಪು ಸುತ್ತಿಸಿಕೊಂಡಿತ್ತು. ಹಳೆಯ ಪುಸ್ತಕ ಮಾರುವವರ ಹತ್ತಿರ ಕೊಂಡದ್ದಂತೆ. ಮೊಳೆ ಜೋಡಣೆಯ ಕಾಲದ್ದಲ್ಲ, ಬೇರೆ ಯಾರೋ ಹೊಸ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಿಸಿದ್ದು. ಆದರೆ ಒಳಗಿನ ಮಾತು ಅದೇ. ನಡುವಿನಲ್ಲಿ ಆ ಮೇಷ್ಟ್ರ ಚಿಕ್ಕ ವಾಕ್ಯಗಳು ಹಾಗೆಯೇ ಇದ್ದವು. ಪೀಠಿಕೆಗಳಲ್ಲಿ ನಾನಿದ್ದೆ. ನಾಲ್ಕು ಸಾಲಿನವನು, ಏಳು ಸಾಲಿನವನು. ತಾತನ ಕಾಗದದಿಂದ ತೆಗೆದು, ಸಾಲು ಉದ್ದವಾಗಲಿ ಎಂದು ನಾನು ಸೇರಿಸಿದ್ದ ಸಾಂಪ್ರತವೂ ಇತ್ತು.

ಹೇಳಬಾರದೆಂದು ಕ್ಷಣ ಅನ್ನಿಸಿತು. ಆಮೇಲೆ ಹೇಳಿದೆ, ಇದನ್ನು ಬರೆದದ್ದು ನಾನು ಎಂದು.

ಆಕೆಯ ಮುಖ ಅರಳಿತು. "ನೀವೇನಾ ಸಾರ್? ಅಂಗಾದ್ರೆ ಸರಿಯಾದ ಮನೆಗೇ ಬಂದಿವ್ನಿ."

ಇದು ಇನ್ನೂ ಕಷ್ಟವಾಯಿತು. ಪುಟ ಕಟ್ಟುವುದು, ಬಿಳಿ ಜಾಗ, ಯಜಮಾನರ ಹಟ, ಖಾನೆಯಲ್ಲಿ ಬರೆದಿಟ್ಟುಕೊಂಡಿದ್ದ ಚೀಟಿಗಳು, ಎಲ್ಲವನ್ನೂ ವಿವರಿಸಬೇಕಾಯಿತು. ವಿವರಿಸುತ್ತ ನಾನೇ ದೊಡ್ಡ ಪೀಠಿಕೆ ಹಾಕುತ್ತಿದ್ದೇನೆ ಎನ್ನುವುದು ತಿಳಿಯಿತು, ಆದರೂ ನಿಲ್ಲಿಸಲಾಗಲಿಲ್ಲ. ಆಕೆ ಪೂರ್ತಿ ಕೇಳಿದರು. ಆಮೇಲೆ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಆ ನಾಲ್ಕು ಸಾಲಿನ ಮೇಲೆ ಬೆರಳಿಟ್ಟರು.

"ಅಂದ್ರೆ ಜಾಗ ತುಂಬ್ಸಕ್ಕೆ ಬರ್ದಿದ್ದನ್ನ ಬಾಯಿಪಾಠ ಮಾಡ್ಕಂಡು ನಾನು ಎರಡು ಸಲ ಫೇಲಾದ್ನಾ?"

ಒಳಗಿನಿಂದ ಕಾಫಿ ತಂದ ನನ್ನ ಹೆಂಡತಿ ಲೋಟ ಕೊಡದೆ ನಿಂತುಕೊಂಡಳು.

"ನಮ್ಮಲ್ಲೂ ಡಬ್ಬದಲ್ಲಿ ಜಾಗ ಉಳುದ್ರೆ ಥರ್ಮಾಕೋಲ್ ತುಂಬ್ತೀವಿ ಸಾರ್" ಎಂದರು ಆಕೆ. "ಅದ್ನ ಔಷ್ದಿ ಅಂತ ಯಾರೂ ಕುಡಿಯಲ್ಲ."

ಕೋಪ ಮಾಡಿಕೊಂಡು ಹೇಳಿದ ಮಾತಲ್ಲ. ಅವರ ಕೆಲಸದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಕಾಫಿ ಕುಡಿದು, ಸರಿ, ಹಾಗಾದರೆ ಏನು ಬರೆಯಬೇಕು ಹೇಳಿ ಎಂದರು. ಪೀಠಿಕೆಯನ್ನು ಉದ್ದ ಮಾಡುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬರೆಯುವುದು ಹೇಗೆಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಮೊದಲು ಅದನ್ನು ಪೂರ್ತಿ ಬಿಟ್ಟುಬಿಡಿ, ನೇರವಾಗಿ ವಿಷಯ ಬರೆಯಿರಿ ಎಂದೆ. ಆಕೆ ಒಪ್ಪಲಿಲ್ಲ. ಬಂದವರಿಗೆ ಒಂದು ಲೋಟ ನೀರು ಕೊಡದೆ ಯಾಕೆ ಬಂದಿರಿ ಎಂದು ಕೇಳಲಾಗುತ್ತದೆಯೇ ಎಂದು ವಾದಿಸಿದರು. ಅವರ ಕಡೆ ಒಂದು ಒನಕೆ ಎರವಲು ಕೇಳಲು ಹೋದರೂ ಮೊದಲು ಹಸು ಕರು ಹಾಕಿತಾ ಎಂದು ವಿಚಾರಿಸಬೇಕು. ನಾನು ಉತ್ತರಪತ್ರಿಕೆ ತಿದ್ದುವವರ ಸ್ಥಿತಿ ಹೇಳಿದೆ. ಅವರ ಮುಂದೆ ಕಟ್ಟುಗಟ್ಟಲೆ ಇರುತ್ತದೆ, ನೆಂಟರ ಹಾಗೆ ಕಾಲು ಚಾಚಿ ಕೂತಿರುವುದಿಲ್ಲ, ಮನಸ್ಸು ಆಗಲೇ ಮುಂದಿನ ಪತ್ರಿಕೆಯ ಮೇಲಿರುತ್ತದೆ.

"ಅಂದ್ರೆ ಚೀಲ ಇಡ್ಕಂಡು ಬಾಗ್ಲಲ್ಲೇ ನಿಂತವ್ರೆ" ಎಂದರು ಆಕೆ.

ಹೌದು ಎಂದೆ. ಬಾಗಿಲಲ್ಲಿ ನಿಂತವರನ್ನು ಕೂರಿಸುವುದಕ್ಕೆ ನೀವು ಏನು ಹೇಳುತ್ತೀರಿ ಎಂದು ಕೇಳಿದೆ. ಆಕೆ, ಮಣೆ ಹಾಕಿ ಕೂತುಕೊಳ್ಳಿ ಎನ್ನುತ್ತೇವೆ ಎಂದರು. ಆಗ ನನಗೆ ಹೊಳೆಯಿತು, ಪೀಠಿಕೆ ಎಂದರೂ ಅದೇ ಅರ್ಥ. ಪೀಠ ದೊಡ್ಡದು, ಪೀಠಿಕೆ ಚಿಕ್ಕದು. ಮಣೆ. ಇಷ್ಟು ವರ್ಷ ಆ ಪದವನ್ನು ತಿದ್ದಿದ್ದರೂ ಅದರ ಮೇಲೆ ಯಾರಾದರೂ ಕೂರಬೇಕೆಂದು ನನಗೆ ತೋಚಿರಲಿಲ್ಲ. ನಿಂತವರು ಕೂರುವ ಹಾಗೆ ಒಂದು ಮಾತು ಹೇಳಿ, ಅಷ್ಟೇ ಸಾಕು ಎಂದೆ.

ಅದು ಎಂಥ ಮಾತು ಎಂದು ನನಗೂ ಸರಿಯಾಗಿ ತಿಳಿದಿರಲಿಲ್ಲ. ಎಂಥದ್ದಲ್ಲ ಎನ್ನುವುದನ್ನು ಪರೀಕ್ಷಿಸಲು ಮಾತ್ರ ಒಂದು ಉಪಾಯ ಹೂಡಿದೆ. ಕರಡು ತಿದ್ದುವವರ ಅಭ್ಯಾಸ ಅದು, ತಲೆಬರಹ ಮುಚ್ಚಿ ಓದುವುದು. ಆಕೆ ಬರೆದ ಹಾಳೆಯ ಮೇಲ್ಭಾಗ ಮಡಿಸಿ ನನ್ನ ಹೆಂಡತಿಯ ಕೈಗೆ ಕೊಟ್ಟು, ಯಾವ ವಿಷಯದ ಮೇಲೆ ಬರೆದದ್ದು ಹೇಳು ಎಂದೆ. ಅವಳು ಒಂದೂವರೆ ಪುಟ ಓದಿ ಕನ್ನಡಕ ತೆಗೆದಳು.

"ಏನು ಬೇಕಾದ್ರೂ ಆಗ್ಬೋದು ಕಣ್ರೀ. ದೀಪಾವಳಿನೂ ಆಗ್ಬೋದು, ಡೆಂಗ್ಯೂನೂ ಆಗ್ಬೋದು."

ಆಕೆ ಮೊದಲ ಸಲ ನಕ್ಕರು. ಆಮೇಲೆ ನಿಯಮ ಹಾಕಿಕೊಂಡೆವು. ತಲೆಬರಹ ಮುಚ್ಚಿದರೂ ವಿಷಯ ತಿಳಿಯಬೇಕು. ಬೇರೆ ತಲೆಬರಹಕ್ಕೂ ಹೊಂದುವ ವಾಕ್ಯ ಥರ್ಮಾಕೋಲ್, ಅದನ್ನು ಹೊಡೆದುಹಾಕುವುದು. ನಾಲ್ಕು ಸಾಲು ಮೀರಬಾರದು. ಪ್ರಬಂಧ ಎಲ್ಲಕ್ಕಿಂತ ಕೊನೆಗೆ, ವ್ಯಾಕರಣ ಪತ್ರ ಎಲ್ಲ ಮುಗಿದ ಮೇಲೆ.

ಎರಡನೆಯ ಭಾನುವಾರ ಆಕೆ ಮೊಬೈಲು ಹಿಡಿದುಕೊಂಡು ಬಂದರು. ಜೊತೆಯ ಕೆಲಸದವರೊಬ್ಬರು ಫೋನನ್ನೇ ಕೇಳಿ ಒಂದು ಪೀಠಿಕೆ ಬರೆಸಿ ಕಳಿಸಿದ್ದರಂತೆ. ನೀರಿನ ಮಿತಬಳಕೆ ಎಂಬ ವಿಷಯಕ್ಕೆ. ಓದಿದೆ. 'ಇಂದಿನ ವೇಗದ ಜಗತ್ತಿನಲ್ಲಿ' ಎಂದು ಶುರುವಾಗಿ, ಮೇಲ್ನೋಟಕ್ಕೆ ಸರಳವೆಂದು ತೋರಿ, ಒಳಹೊಕ್ಕು ನೋಡಿದಾಗ ವಿಶಾಲವಾಗಿತ್ತು. ಸಾಂಪ್ರತ ಒಂದಿರಲಿಲ್ಲ. ಫೋನಿಗೂ ನಮ್ಮ ಅಚ್ಚುಕೂಟದ ನೀರು ಹೋಗಿದೆ ಎಂದು ನನ್ನ ಹೆಂಡತಿ ಹೇಳಿದಳು. ಇದ್ದರೂ ಇರಬಹುದು. ನನಗಿಂತ ಮೊದಲೂ ಯಾರೋ ಒಬ್ಬರು ಬಿಳಿ ಜಾಗಕ್ಕೆ ಹೆದರಿದವರು ಇದ್ದಿರಬೇಕು.

ಅದೇ ವಿಷಯವನ್ನು ನೀವು ಬರೆಯಿರಿ ಎಂದೆ. ಆಕೆ ಬಹಳ ಹೊತ್ತು ಬರೆಯಲೇ ಇಲ್ಲ. ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು. ಅಷ್ಟು ಸಲೀಸಾಗಿ ಒಂದೂವರೆ ಪುಟ ಹರಿಸಿದ್ದ ಕೈ ಈಗ ಒಂದು ಸಾಲಿಗೆ ಒದ್ದಾಡಿತು. ಬರೆದರು, ಹೊಡೆದರು. 'ನೀರು ಜೀವನಕ್ಕೆ ಅತ್ಯಗತ್ಯ' ಎಂದು ಬರೆದು ತಾವೇ ತಲೆಬರಹ ಮುಚ್ಚಿ ನೋಡಿದರು. ವಿಷಯವೇನೋ ತಿಳಿಯುತ್ತದೆ, ಆದರೆ ನಿಂತವರು ಕೂರುವುದಿಲ್ಲ ಎಂದು ತಾವೇ ತೀರ್ಮಾನಿಸಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಹೋದರೆ ಹಳೆಯ ಚಟ ಬಂದು ನಾಲ್ಕು ಸಾಲು ಸೇರಿಸಿಬಿಡುತ್ತೇನೆ ಎಂದು ನನ್ನ ಮೇಲೆ ನನಗೇ ಅನುಮಾನ.

ಕೊನೆಗೆ ಹಾಳೆಯನ್ನು ನನ್ನ ಕಡೆ ತಳ್ಳಿದರು. ಅಷ್ಟರಲ್ಲಿ ನನ್ನ ಹೆಂಡತಿ ಕೈಯಲ್ಲಿ ಸೌಟು ಹಿಡಿದು, ಊಟಕ್ಕೆ ಇಲ್ಲೇ ಇರುತ್ತೀರಾ ಎಂದು ಕೇಳಲು ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ನಾನು ಗಟ್ಟಿಯಾಗಿ ಓದಿದೆ.

'ನಮ್ಮೂರಿನ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ.'

ನನ್ನ ಹೆಂಡತಿ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಸೌಟು ಕೈಯಲ್ಲೇ ಇತ್ತು. "ಹಾಗಾದ್ರೆ ಸಾರಿಗೆ ಏನು ಮಾಡ್ತೀರಿ?"

ಆಕೆ ಹೇಳಲು ಶುರು ಮಾಡಿದರು. ನಲ್ಲಿಯಲ್ಲಿ ಹೊಳೆಯ ನೀರು ಬಂದ ದಿನ ಎರಡು ಬಿಂದಿಗೆ ಬೇಳೆಗೆಂದೇ ಮುಚ್ಚಿಡುತ್ತಾರಂತೆ. ಆ ಬಿಂದಿಗೆಯಿಂದ ಯಾರೂ ಕೈಕಾಲು ತೊಳೆಯುವ ಹಾಗಿಲ್ಲ, ಮುಟ್ಟಿದರೆ ಅತ್ತೆಯ ಬಾಯಿಗೆ ಬೀಳುತ್ತಾರೆ. ಬೋರಿನದು ಬಟ್ಟೆಗೆ, ಪಾತ್ರೆಗೆ, ಹಸುವಿಗೆ. ಅದನ್ನೇ ಬರೆಯಿರಿ ಎಂದೆ. ಎರಡು ಬಿಂದಿಗೆಯಿಂದ ಮಿತಬಳಕೆಗೆ ಹೋಗುವುದಕ್ಕೆ ಮೂರು ಸಾಲು ಸಾಕಾಯಿತು. ಅಡುಗೆಮನೆಯಲ್ಲಿ ನಮ್ಮ ಸಾರು ಉಕ್ಕಿ ಒಲೆ ಆರಿಹೋಗಿತ್ತು.

ಮೂರನೆಯ ಭಾನುವಾರ ಆರು ವಿಷಯ ಬರೆದರು. ಎರಡರಲ್ಲಿ ಮಾತ್ರ ಒಳ್ಳೆಯ ಮೊದಲ ಸಾಲು ಸಿಕ್ಕಿತು. ನಾಲ್ಕರಲ್ಲಿ ಸಿಗಲಿಲ್ಲ, ಒಂದರಲ್ಲಿ ಮತ್ತೆ ಸಾಂಪ್ರತ ಬಂದುಬಿಟ್ಟಿತು. ಕೈ ತಾನಾಗಿ ಬರೆಯಿತು ಎಂದು ಆಕೆ ಬೇಸರಪಟ್ಟುಕೊಂಡರು. ಪರೀಕ್ಷೆಯಲ್ಲಿ ಅದು ಬಂದರೆ ಏನು ಮಾಡುವುದು ಎಂದು ಕೇಳಿದರು. ನಾನು ಅದರ ಅರ್ಥ ಹೇಳಿದೆ. ತಾತನ ಕಾಗದ, ಎರಡೂ ಕಡೆಯ ಕ್ಷೇಮ, ಆಮೇಲೆ ಈಗಿನ ವಿಷಯ. ನೆಂಟನೆಂದು ತಿಳಿದಿದ್ದೆ ಎಂಬುದನ್ನೂ ಹೇಳಿದೆ. "ನಿಮ್ಗೂ ಗೊತ್ತಿರ್ನಿಲ್ವಾ ಸಾರ್?" ಎಂದರು. ಅಷ್ಟರಿಂದಲೇ ಅವರಿಗೆ ಸಮಾಧಾನವಾದ ಹಾಗೆ ಕಂಡಿತು. ಹೊರಡುವಾಗ ಗೈಡನ್ನು ನಮ್ಮ ಮೇಜಿನ ಮೇಲೆ ಬಿಟ್ಟುಹೋದರು. ಮರೆತರೋ ಬೇಕೆಂದೇ ಬಿಟ್ಟರೋ ನಾನು ವಿಚಾರಿಸಲಿಲ್ಲ.

ಪರೀಕ್ಷೆಯ ಕೇಂದ್ರ ವಿಜಯನಗರದ ಒಂದು ಶಾಲೆ. ಕಡಕೊಳದಿಂದ ಊರಿನ ಇನ್ನೊಂದು ತುದಿಗೆ ಹೋಗಿ ಬರೆದು, ಅಲ್ಲಿಂದ ನೇರವಾಗಿ ಮಧ್ಯಾಹ್ನದ ಪಾಳಿಗೆ ಹೋದರಂತೆ. ಇದನ್ನು ಹೇಳಿದವರು ಸೊಪ್ಪಿನ ಚಿಕ್ಕಮ್ಮ. ಹೇಗೆ ಬರೆದಿದ್ದಾರೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, ಏನೋ ಬರೆದಿದ್ದಾಳೆ, ಬಾಯಿ ಬಿಡುವುದಿಲ್ಲ ಎಂದರು. ಆಮೇಲೆ ಹಲವು ವಾರ ಕೀರೆ, ದಂಟು, ಮೆಂತ್ಯ ಬಂದವು. ಆ ವಿಷಯ ಬರಲಿಲ್ಲ. ನಾನು ಒಂದೆರಡು ಸಲ ಆ ಗೈಡು ತೆಗೆದು ನೋಡಿದೆ. ನನ್ನ ಸಾಲುಗಳನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕುತ್ತ ಬಂದರೆ ಪ್ರತಿ ಪ್ರಬಂಧದ ತಲೆಯೂ ಖಾಲಿಯಾಗಿ, ಅದರ ಕೆಳಗೆ ಆ ಮೇಷ್ಟ್ರ ಚಿಕ್ಕ ವಾಕ್ಯಗಳು ಉಳಿಯುತ್ತಿದ್ದವು. ಒಂದು ಪ್ರಬಂಧಕ್ಕೆ ಅವರು ಬರೆದ ಪೀಠಿಕೆ ಒಂದೇ ಸಾಲಿನದಾಗಿತ್ತು. ಅದನ್ನು ನಾನು ಅಂದು ಓದಿರಲೇ ಇಲ್ಲ, ಸಾಲು ಎಣಿಸಿದ್ದೆ.

ಫಲಿತಾಂಶ ಯಾವ ದಿನ ಎಂಬುದು ಪತ್ರಿಕೆಯಲ್ಲಿ ಬಂದಿತ್ತು. ಮೂರನೆಯ ಸಲವೂ ಆಗದಿದ್ದರೆ ನೀಲಿ ಟೋಪಿ ಇನ್ನೊಬ್ಬರ ತಲೆಗೆ ಹೋಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ದಿನ ನನ್ನ ಹೆಂಡತಿ ಬೆಳಿಗ್ಗೆಯಿಂದ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟುಕೊಂಡಿದ್ದಳು. ಹನ್ನೊಂದರ ಹೊತ್ತಿಗೆ ಕರೆ ಬಂತು. ಅವಳು ಹೆಸರು ನೋಡಿ ನನ್ನ ಕೈಗೆ ಕೊಟ್ಟಳು.

"ನಮಸ್ಕಾರ ಸಾರ್. ತಿಂಡಿ ಆಯ್ತಾ?"

ಆಯಿತು ಎಂದೆ.

"ಏನ್ ತಿಂಡಿ ಮಾಡಿದ್ರು ಅಮ್ಮಾವ್ರು?"

ಉಪ್ಪಿಟ್ಟು ಎಂದೆ. ಅಮ್ಮಾವ್ರ ಮಂಡಿನೋವು ಹೇಗಿದೆ ಎಂದು ಕೇಳಿದರು. ಹಾಗೇ ಇದೆ ಎಂದೆ. ಕೊಬ್ಬರಿ ಎಣ್ಣೆ ಬೇಡ, ಎಳ್ಳೆಣ್ಣೆ ಹಚ್ಚಲಿ ಎಂದದ್ದನ್ನು ಹೆಂಡತಿಗೆ ದಾಟಿಸಿದೆ. ಆ ಕಡೆ ಮಳೆ ಬಂತಾ? ಬರಲಿಲ್ಲ. ಅವರ ಕಡೆ ಸ್ವಲ್ಪ ಹನಿ ಹಾಕಿತಂತೆ. ಚಿಕ್ಕಮ್ಮ ಕೊಟ್ಟ ದಂಟಿನಸೊಪ್ಪು ಬಲಿತಿತ್ತಂತೆ, ಅದಕ್ಕೆ ಅವರು ಚಿಕ್ಕಮ್ಮನನ್ನು ಬೈದಿದ್ದಾರಂತೆ. ನನ್ನ ಹೆಂಡತಿ ಎದುರಿಗೆ ನಿಂತು, ಏನಂತೆ, ಏನಂತೆ ಎಂದು ಕೈಸನ್ನೆ ಮಾಡುತ್ತಿದ್ದಳು. ನಾಲಿಗೆಯ ತುದಿಗೆ ಅಜ್ಜಿಯ ಮಾತು ಬಂದಿತ್ತು, ಪೀಠಿಕೆ ಸಾಕು ಎನ್ನುವುದು. ಆಗ ಅಜ್ಜಿಯ ಇನ್ನೊಂದು ಮಾತೂ ನೆನಪಾಯಿತು. ಹೊಸಿಲಿನ ಆಚೆ ನಿಂತು ಹೇಳುವವರು ಇಷ್ಟು ಹೊತ್ತು ಸುತ್ತುವುದಿಲ್ಲ. ನಾನು ಕುರ್ಚಿಯಲ್ಲಿ ಒರಗಿಕೊಂಡೆ. ಹೆಂಡತಿಗೆ ಕೂತುಕೊಳ್ಳುವಂತೆ ಸನ್ನೆ ಮಾಡಿ, ನಿಮ್ಮ ಹಸು ಹೇಗಿದೆ ಎಂದು ಆಕೆಯನ್ನು ಕೇಳಿದೆ.

ಹಸು ಚೆನ್ನಾಗಿತ್ತು. ಕರುವೂ ಚೆನ್ನಾಗಿತ್ತು.

"ಸಾಂಪ್ರತ ಏನಪಾ ಅಂದ್ರೆ ಸಾರ್, ಪಾಸಾದೆ."

ನಾನು ಅದನ್ನೇ ಹೆಂಡತಿಗೆ ಹೇಳಿದೆ. ಅವಳು ದೇವರಮನೆಯ ಕಡೆ ನೋಡಿ, ಆಮೇಲೆ ಫೋನಿನ ಹತ್ತಿರ ಬಾಯಿ ತಂದು, ಎಳ್ಳೆಣ್ಣೆ ಹಚ್ಚುತ್ತೇನೆ ಎಂದಳು. ಸೋಮವಾರದಿಂದ ನೀಲಿ ಟೋಪಿಯಂತೆ. ಅಂಕ ಎಷ್ಟೆಂದರೆ ಬೇಕಾದದ್ದಕ್ಕಿಂತ ಹನ್ನೆರಡು ಹೆಚ್ಚು. ಪ್ರಬಂಧಕ್ಕೆ ಎಷ್ಟು ಬಂತೋ ಗೊತ್ತಿಲ್ಲ, ಅದನ್ನು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ನಮ್ಮ ಮೂರು ಭಾನುವಾರದಿಂದ ಪಾಸಾದರೋ, ವ್ಯಾಕರಣಕ್ಕೆ ಸಮಯ ಸಿಕ್ಕಿದ್ದರಿಂದ ಪಾಸಾದರೋ ಇವತ್ತಿಗೂ ಹೇಳಲಾರೆ.

ಪೀಠಿಕೆ ಏನು ಬರೆದಿರಿ ಎಂದು ಕೇಳಿದೆ. ಆಕೆ ಪರೀಕ್ಷೆಯ ಕನ್ನಡದಲ್ಲಿ, ಓದುವ ಧ್ವನಿಯಲ್ಲಿ ಹೇಳಿದರು: 'ನಮ್ಮ ಕಾರ್ಖಾನೆಯ ಗೇಟು ಆರು ಗಂಟೆಗೆ ಮುಚ್ಚುತ್ತದೆ. ಆರು ಗಂಟೆ ಒಂದು ನಿಮಿಷಕ್ಕೆ ಬಂದವರಿಗೆ ಕಾವಲುಗಾರನು ಒಳಗಿನಿಂದಲೇ ನಮಸ್ಕಾರ ಹೇಳುತ್ತಾನೆ.'

ವಿಷಯ ಯಾವುದೆಂದು ಆಕೆ ಹೇಳಲಿಲ್ಲ. ನಾನು ಕೇಳಬೇಕಾಗಿಯೂ ಬರಲಿಲ್ಲ. ಆಮೇಲೆ ಏನು ಬರೆದಿರಿ ಎಂದು ಕೇಳುವುದರೊಳಗೆ ಅವರ ಹಿಂದೆ ಕಾರ್ಖಾನೆಯ ಗಂಟೆಯ ಸದ್ದು ಕೇಳಿತು.

"ಇಡ್ತೀನಿ ಸಾರ್, ಲೈನ್ ಸ್ಟಾರ್ಟಾಯ್ತು" ಎಂದರು. ಇಟ್ಟುಬಿಟ್ಟರು.